ಕೂಲಂಟ್‌ನಲ್ಲಿ ಆಯಿಲ್: ಹೆಡ್ ಬಿಚ್ಚುವ ಮುಂಚೆ ನಾನು ನೋಡುವುದು

ಇಂಜಿನ್ ತಣಿಸುವ ನೀರಿನ (ಕೂಲಂಟ್) ಹೆಡರ್ ಟ್ಯಾಂಕಿನ ಮುಚ್ಚಳ ತೆಗೆದಾಗ ಹಾಲು ಹಾಕಿದ ಚಹಾದಂಥ ಮಡ್ಡಿ ಕಂಡರೆ ಮಲ್ಪೆ ಧಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಹತ್ತು ಜನರಲ್ಲಿ ಒಂಬತ್ತು ಜನ ಹೇಳುವುದು ಒಂದೇ: "ಹೆಡ್ ಗ್ಯಾಸ್ಕೆಟ್ ಹೋಯ್ತು." ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಆ ಪದರ ಹೋಗಿರಲೂಬಹುದು. ಆದರೆ ಆರು ಸಿಲಿಂಡರಿನ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಿದರೆ ಟ್ರಾಲ್ ಬೋಟು ಎಷ್ಟೋ ದಿನ ದಡದಲ್ಲೇ ನಿಲ್ಲಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಾದರೆ ಪರವಾಗಿಲ್ಲ. ಸೀಸನ್ ನಡುವೆ ಆದರೆ ಕಲಾಸಿಗಳ (ಬೋಟಿನ ಕೆಲಸಗಾರರ) ಮನೆಯ ಅನ್ನದ ಪ್ರಶ್ನೆ. ಹಾಗಾಗಿ ಆಯಿಲ್ ಬಂದ ದಾರಿ ಗೊತ್ತಾಗದೆ ನಾನು ಹೆಡ್ ಬೋಲ್ಟಿಗೆ ಸ್ಪ್ಯಾನರ್ ಹಾಕುವುದಿಲ್ಲ.

ಈ ಬೋಟು ಬಂದದ್ದು ಮಳೆಗಾಲ ಮುಗಿದ ಮೇಲೆ. ಬೋಟು ನಡೆಸುವ ತಾಂಡೇಲರು ಹೇಳಿದ್ದು ಇಷ್ಟು: "ಆಯಿಲ್ ದಿನಾ ಸ್ವಲ್ಪ ಸ್ವಲ್ಪ ಇಳೀತಾ ಉಂಟು ಮಾರಾಯ್ರೆ. ನೀಲಿ ಹೊಗೆ ಇಲ್ಲ, ಬಿಲ್ಜ್‌ನಲ್ಲೂ (ಬೋಟಿನ ಒಳತಳ) ಆಯಿಲ್ ಇಲ್ಲ." ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ಸುಡದ, ಹೊರಗೆ ಸೋರದ ಆಯಿಲ್ ಇಂಜಿನ್ ಒಳಗೇ ಎಲ್ಲಿಗೋ ಹೋಗುತ್ತಿದೆ.

ಮೊದಲು ಕೇಳಿದ್ದು, ನೀರಿಗೆ ಏನು ಹಾಕುತ್ತೀರಿ ಎಂದು. ತುಕ್ಕು ಹಿಡಿಯಬಾರದೆಂದು ಲೇತ್ ಅಂಗಡಿಯಲ್ಲಿ ಬಳಸುವ ಕಟಿಂಗ್ ಆಯಿಲ್ ಬೆರೆಸುವವರು ಇದ್ದಾರೆ. ಅದು ಬೆರೆತರೆ ನೀರು ತಾನಾಗಿಯೇ ಬೆಳ್ಳಗಾಗುತ್ತದೆ, ಅಲ್ಲಿ ಯಾವ ದೋಷವೂ ಇರುವುದಿಲ್ಲ. ಇಲ್ಲಿ ಹಾಗಿರಲಿಲ್ಲ. ಬಣ್ಣ ಕಂದು, ಟ್ಯಾಂಕಿನ ಗೋಡೆಗೆ ಜಿಡ್ಡು ಅಂಟಿತ್ತು. ಇಂಜಿನ್ ಪೂರ್ತಿ ತಣಿದ ಮೇಲೆ ಒಂದಿಷ್ಟು ತೆಗೆದು ಪಾರದರ್ಶಕ ಬಾಟಲಿಗೆ ತುಂಬಿ, ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಬಿಸಿ ತಾಗಿದರೆ ಆಯಿಲೂ ನೀರೂ ಬೇಗ ಬೇರೆಯಾಗುತ್ತವೆ. ಮೇಲೆ ತೇಲಿದ್ದು ಕಪ್ಪು ಆಯಿಲ್. ಡೀಸೆಲ್ ಇಂಜಿನ್ನಿನ ಆಯಿಲ್ ಮಸಿ ಹಿಡಿದು ಕಪ್ಪಾಗುತ್ತದೆ, ಗೇರ್ ಬಾಕ್ಸಿನದು ಅಷ್ಟು ಕಪ್ಪಾಗುವುದಿಲ್ಲ. ಡೀಸೆಲ್ ವಾಸನೆಯೂ ಇರಲಿಲ್ಲ. ಇದ್ದಿದ್ದರೆ ಇಂಜೆಕ್ಟರಿನ ತಾಮ್ರದ ಸ್ಲೀವ್ ನೋಡುತ್ತಿದ್ದೆ. ಕೆಲವರು ಕೂಲಂಟನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಾರೆ. ದಯವಿಟ್ಟು ಬೇಡ, ಅದರಲ್ಲಿ ಸಾಮಾನ್ಯವಾಗಿ ಬೆರೆಸುವ ಎಥಿಲೀನ್ ಗ್ಲೈಕಾಲ್ ವಿಷ.

ಆಮೇಲೆ ಪೈಪುಗಳನ್ನು ಕೈಯಿಂದ ಮುಟ್ಟುತ್ತಾ ಒಂದು ಸುತ್ತು ಹೋದೆ. ಬೋಟಿನಲ್ಲಿ ಎರಡು ನೀರು: ಅಡಿಯಿಂದ ಪಂಪು ಎಳೆದು ಹೊರಗೆ ಬಿಡುವ ಕಡಲ ನೀರು, ಮತ್ತು ಇಂಜಿನ್ ಒಳಗೇ ಸುತ್ತುವ ಸಿಹಿನೀರು. ಇವೆರಡೂ ಹೀಟ್ ಎಕ್ಸ್‌ಚೇಂಜರಿನಲ್ಲಿ ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತವೆ. ಈ ಬೋಟಿನಲ್ಲಿ ಗೇರ್ ಬಾಕ್ಸಿನ ಆಯಿಲ್ ಕೂಲರ್ ಇದ್ದದ್ದು ಕಡಲ ನೀರಿನ ಲೈನಿನಲ್ಲಿ. ಅದು ತೂತಾದರೆ ಆಯಿಲ್ ಹೊರಗೆ ಬೀಳುವ ನೀರಿನಲ್ಲಿ ಪದರವಾಗಿ ಕಾಣಬೇಕೇ ಹೊರತು ಹೆಡರ್ ಟ್ಯಾಂಕಿಗೆ ಬರಲು ದಾರಿಯೇ ಇಲ್ಲ. ಎಲ್ಲ ಬೋಟಿನಲ್ಲೂ ಜೋಡಣೆ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ, ಲೈನನ್ನು ನೀವೇ ಹಿಡಿದು ನೋಡಿ.

ಇನ್ನು ಉಳಿದದ್ದು ಒತ್ತಡದ ಲೆಕ್ಕ. ಓಡುವಾಗ ಇಂಜಿನ್ ಆಯಿಲ್ 3–4 ಬಾರ್ ಒತ್ತಡದಲ್ಲಿರುತ್ತದೆ, ಕೂಲಂಟ್ ಹೆಚ್ಚೆಂದರೆ 1 ಬಾರ್ ಆಸುಪಾಸು. ನಡುವೆ ಬಿರುಕಿದ್ದರೆ ಆಯಿಲೇ ನೀರಿಗೆ ನುಗ್ಗುತ್ತದೆ. ನಿಲ್ಲಿಸಿದ ಕೂಡಲೇ ಆಯಿಲ್ ಒತ್ತಡ ಸೊನ್ನೆಗೆ ಇಳಿಯುತ್ತದೆ, ಆದರೆ ಬಿಸಿ ನೀರಿನ ಒತ್ತಡ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆಗ ನೀರು ಇಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್‌ಗೆ ಇಳಿಯಬಹುದು. ಅದಕ್ಕೇ ಸಂಜೆ ಇಂಜಿನ್ ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸಂಪಿನ ಡ್ರೇನ್ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದೆ. ನೀರು ಭಾರ, ಇದ್ದರೆ ಅದೇ ಮೊದಲು ಬರುತ್ತದೆ. ಬಂದದ್ದು ಬರೀ ಆಯಿಲ್. ಅದರದ್ದೊಂದು ಹನಿಯನ್ನು ಕಾದ ತಗಡಿನ ಮೇಲೆ ಬಿಟ್ಟೆ, ಚಟಪಟ ಸದ್ದಿಲ್ಲ. ಆಯಿಲ್ ನೀರಿಗೆ ಹೋಗುತ್ತಿದೆ, ನೀರು ಆಯಿಲಿಗೆ ಬರುತ್ತಿಲ್ಲ.

ತಣ್ಣಗಿನ ಇಂಜಿನನ್ನು ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿ ಟ್ಯಾಂಕನ್ನೇ ನೋಡುತ್ತಾ ನಿಂತೆ. ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆ ನಿಲ್ಲದೆ ಬರುತ್ತದೆ. ಮುಚ್ಚಳ ಹಾಕಿದರೆ ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಗಟ್ಟಿಯಾಗುತ್ತದೆ. ಎರಡೂ ಆಗಲಿಲ್ಲ. ಇಷ್ಟರಿಂದ ಗ್ಯಾಸ್ಕೆಟ್ ನಿರ್ದೋಷಿ ಎನ್ನಲಾಗದು, ಏಕೆಂದರೆ ಆಯಿಲ್ ದಾರಿಗೂ ನೀರಿನ ದಾರಿಗೂ ನಡುವೆ ಮಾತ್ರ ಅದು ಹರಿದಿರಬಹುದು. ಆದರೆ ಇಂಜಿನ್ ಆಯಿಲನ್ನು ಸಿಹಿನೀರಿನಿಂದ ತಣಿಸುವ ಆಯಿಲ್ ಕೂಲರಿನಲ್ಲೂ ಇವೆರಡು ಬೆರೆಯಬಹುದು, ಅದನ್ನು ಬಿಚ್ಚುವುದು ಅರ್ಧ ದಿನದ ಕೆಲಸ. ಸುಲಭದ್ದನ್ನು ಮೊದಲು ನೋಡಬೇಕು.

ಕೂಲರ್ ಇಳಿಸಿ ತೊಳೆದು, ಆಯಿಲಿನ ಒಂದು ಕಿಂಡಿಗೆ ಪ್ಲೇಟ್ ಬಿಗಿದು, ಇನ್ನೊಂದಕ್ಕೆ ರೆಗ್ಯುಲೇಟರ್ ಇರುವ ಏರ್ ಲೈನ್ ಕೊಟ್ಟೆ. ನೀರಿನ ಕಿಂಡಿಗಳನ್ನು ತೆರೆದೇ ಬಿಟ್ಟೆ. ಡ್ರಮ್ಮಿನ ತಣ್ಣೀರಿನಲ್ಲಿ ಮುಳುಗಿಸಿ, ಒತ್ತಡವನ್ನು ಓಡುವಾಗಿನ ಮಟ್ಟಕ್ಕೆ ನಿಧಾನವಾಗಿ ಏರಿಸಿದೆ. ಒಂದು ಗುಳ್ಳೆಯೂ ಇಲ್ಲ. ಇಲ್ಲಿಯೇ ಬಹಳ ಜನ ಕೂಲರ್ ಸರಿ ಇದೆ ಎಂದು ತೀರ್ಮಾನಿಸಿ ಹೆಡ್ಡಿಗೆ ಕೈ ಹಾಕುತ್ತಾರೆ. ಆದರೆ ಕೂಲರ್ ಕೆಲಸ ಮಾಡುವುದು ತಣ್ಣಗಿರುವಾಗ ಅಲ್ಲವಲ್ಲ. ಗಾಳಿ ಬಿಟ್ಟು, ಡ್ರಮ್ಮಿಗೆ ಕುದಿಯುವ ನೀರು ಸುರಿದು, ಕೂಲರ್ ಒಳಗಿನವರೆಗೂ ಬಿಸಿಯಾಗಲು ಬಿಟ್ಟು, ದೂರ ನಿಂತು ಮತ್ತೆ ಗಾಳಿ ಏರಿಸಿದೆ. ನೀರಿನ ಕಿಂಡಿಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬಿಸಿಗೆ ಹಿಗ್ಗಿದಾಗ ಬಾಯಿ ಬಿಡುವ, ತಣಿದರೆ ಮುಚ್ಚಿಕೊಳ್ಳುವ ಬಿರುಕು. ಡ್ರೇನ್ ಪ್ಲಗ್ಗಿನಲ್ಲಿ ನೀರು ಬಾರದಿದ್ದಕ್ಕೂ ಇದೇ ಕಾರಣ ಇರಬೇಕು.

ಮಾಲಕರು ಕೇಳಿದರು, "ಬೆಸುಗೆ ಹಾಕಿದರೆ ಈ ಸೀಸನ್ ಓಡ್ಲಿಕ್ಕಿಲ್ವಾ?" ನಾನು ಒಪ್ಪಲಿಲ್ಲ. ಸಿಹಿನೀರಿನ ಬದಲು ಕಡಲ ಪಕ್ಕದ ಬಾವಿಯ ಉಪ್ಪು ನೀರನ್ನೇ ಕೂಲಂಟ್ ದ್ರಾವಣ ಬೆರೆಸದೆ ತುಂಬಿದ ಇಂಜಿನ್ ಅದು. ಕೂಲರಿನ ಒಂದು ಟ್ಯೂಬು ತೆಳುವಾಗಿದ್ದರೆ ಪಕ್ಕದವೂ ಹಾಗೇ ಇರುತ್ತವೆ. ಹೊಸ ಕೋರ್ (ಒಳಗಿನ ಟ್ಯೂಬುಗಳ ಗುಂಪು), ಹೊಸ ಓ-ರಿಂಗ್ ಹಾಕಿದೆವು.

ರಿಪೇರಿಗಿಂತ ಹೆಚ್ಚು ಬೆವರು ಇಳಿಸಿದ್ದು ತೊಳೆಯುವ ಕೆಲಸ. ಥರ್ಮೋಸ್ಟಾಟ್ ತೆಗೆದು, ನೊರೆ ಕಡಿಮೆ ಬರುವ ಡಿಗ್ರೀಸರ್ ಬೆರೆಸಿದ ಸಿಹಿನೀರು ತುಂಬಿ, ಇಂಜಿನ್ ಬಿಸಿ ಮಾಡಿ, ಕೈ ಸುಡದಷ್ಟು ತಣಿದ ಮೇಲೆ ಖಾಲಿ ಮಾಡುವುದು. ನೀರು ತಿಳಿಯಾಗುವವರೆಗೂ ಇದೇ. ಆ ಜಿಡ್ಡು ನೀರನ್ನು ಬ್ಯಾರೆಲ್ಲಿಗೇ ತುಂಬಿಸಿದೆ. ನಾವು ಅನ್ನ ತಿನ್ನುವ ನೀರಿಗೆ ಅದನ್ನು ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಯಿಲ್ ಕುಡಿದು ಊದಿ ಮೆತ್ತಗಾಗಿದ್ದ ರಬ್ಬರ್ ಹೋಸುಗಳನ್ನೂ ಟ್ಯಾಂಕಿನ ಮುಚ್ಚಳವನ್ನೂ ಬದಲಿಸಿದೆ. ಹಳೆಯ ಹೋಸ್ ಉಳಿಸಿಕೊಂಡರೆ ಅದು ಒಡೆಯುವುದು ನಡುಕಡಲಿನಲ್ಲಿ.

ಹೊರಡುವಾಗ ತಾಂಡೇಲರಿಗೆ ಹೇಳಿದೆ: ಟ್ಯಾಂಕಿನಲ್ಲಿ ಇನ್ನೂ ಸ್ವಲ್ಪ ದಿನ ತೆಳು ಜಿಡ್ಡು ತೇಲುತ್ತದೆ, ಮೂಲೆಯಲ್ಲಿ ಉಳಿದದ್ದು, ಹೆದರಬೇಡಿ, ಬಟ್ಟೆಯಲ್ಲಿ ಒರೆಸಿ. ಆದರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಆಯಿಲ್ ಇಳಿಯುತ್ತಾ ಟ್ಯಾಂಕಿನಲ್ಲಿ ಜಿಡ್ಡು ಹೆಚ್ಚುತ್ತಿದ್ದರೆ ಮಾತ್ರ ನನಗೆ ಫೋನ್ ಮಾಡಿ, ಆಗ ಹೆಡ್ ಬಿಚ್ಚೋಣ. ಟ್ರಿಪ್ ಮುಗಿಸಿ ಬಂದಾಗ ಚೀಟಿ ತೋರಿಸಿದರು. ಆಯಿಲ್ ಗೆರೆ ಕದಲಿರಲಿಲ್ಲ.