ಪೈನ್ ತೋಪಿನ ನೆಲಕ್ಕೆ ಎಷ್ಟು ಕಸುವಿದೆ? ಅಳೆದು ನೋಡುವುದು ಹೀಗೆ

ದಪ್ಪ ಮರ ಕಂಡರೆ ಸಾಕು, ನೆಲ ಚೆನ್ನಾಗಿದೆ ಅಂದುಬಿಡುತ್ತೇವೆ, ಅಲ್ವಾ? ಪೈನ್ ತೋಪಿನಲ್ಲಿ ಹಾಗೆ ಹೇಳಲು ಬರುವುದಿಲ್ಲ. ದೂರ ದೂರ ನೆಟ್ಟರೆ ಸಾಧಾರಣ ನೆಲದಲ್ಲೂ ಮರ ದಪ್ಪವಾಗುತ್ತದೆ. ಒತ್ತಾಗಿ ನೆಟ್ಟರೆ ಒಳ್ಳೆ ನೆಲದಲ್ಲೂ ಸಣಕಲಾಗುತ್ತದೆ. ದೊಡ್ಡ ಮರಗಳ ಎತ್ತರ ಮಾತ್ರ ಅಂತರಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ನೆಲದ ಕಸುವನ್ನು ಕೇಳಬೇಕಾದದ್ದು ಎತ್ತರವನ್ನೇ.

ನ್ಯೂಜಿಲೆಂಡಿನಲ್ಲಿ ನೆಟ್ಟು ಬೆಳೆಸಿದ ಕಾಡಿನ ಸುಮಾರು ಶೇ 90ರಷ್ಟು ರೇಡಿಯಾಟಾ ಪೈನ್. ಅಲ್ಲಿನ 20 ವರ್ಷದ ತೋಪೊಂದನ್ನು ಅಳೆಯೋಣ.

ಮೊದಲು ಜಾಗ ಗುರುತಿಸಿ. ತೋಪಿನ ಅಂಚು ಬಿಟ್ಟು ಒಳಗೆ ಹೋಗಿ, ಗೂಟ ನೆಟ್ಟು, ಅದರಿಂದ 11.28 ಮೀಟರ್ ದೂರಕ್ಕೆ ಟೇಪು ಹಿಡಿದು ಸುತ್ತು ಹಾಕಿ. ಅಷ್ಟು ಜಾಗ 0.04 ಹೆಕ್ಟೇರ್. ಇಳಿಜಾರಿನಲ್ಲಿ ಹುಷಾರು: 20 ಡಿಗ್ರಿ ಇಳಿಜಾರಿದ್ದರೆ ಇಳಿಜಾರಿನ ಉದ್ದಕ್ಕೆ ಟೇಪನ್ನು 12 ಮೀಟರ್‌ವರೆಗೆ ಎಳೆಯಬೇಕು. ಒಂದೇ ಸುತ್ತು ಸಾಲದು, ತೋಪಿನ ಬೇರೆ ಬೇರೆ ಕಡೆ ಹಾಕಿ. ಚೆನ್ನಾಗಿ ಕಂಡ ಜಾಗವನ್ನೇ ಆರಿಸಿದರೆ ಲೆಕ್ಕವೆಲ್ಲ ಸುಮ್ನೆ ಉಬ್ಬುತ್ತದೆ.

ಇನ್ನು ಸುತ್ತಳತೆ. ಭಾರತದಲ್ಲಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ನ್ಯೂಜಿಲೆಂಡಿನಲ್ಲಿ 1.4. ಇಳಿಜಾರಿದ್ದರೆ ಮರದ ಮೇಲ್ಬದಿಗೆ ನಿಂತು ಅಳೆಯಿರಿ. ಪೈನ್ ಮರದ ಕೊಂಬೆಗಳು ಒಂದೇ ಮಟ್ಟದಲ್ಲಿ ಸುತ್ತಲೂ ಒಡೆಯುತ್ತವೆ. ಕತ್ತರಿಸಿದ ಮೇಲೂ ಅಲ್ಲಿ ಕಾಂಡ ಉಂಗುರದಂತೆ ಉಬ್ಬಿರುತ್ತದೆ, ರಾಳ ಇಳಿದು ಟೇಪು ಅಂಟುತ್ತದೆ. ಉಬ್ಬಿನ ಮೇಲೆ ಟೇಪು ಕೂತರೆ ಅಳತೆ ಜಾಸ್ತಿ ಬರುತ್ತದೆ. ಉಬ್ಬಿಗಿಂತ ಮೇಲೊಮ್ಮೆ, ಅಷ್ಟೇ ಕೆಳಗೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಎತ್ತರಕ್ಕೆ ಸುತ್ತಿನೊಳಗಿನ ನಾಲ್ಕು ಅತಿ ದಪ್ಪ ಮರ ಸಾಕು. ಹೆಕ್ಟೇರಿಗೆ 100ರ ಲೆಕ್ಕ ಅದು. ತುದಿ ಮುರಿದ ಮರ ಬೇಡ. ಸಮ ನೆಲದಲ್ಲಿ ಹಿಂದೆ ಸರಿಯುತ್ತ ಹೋಗಿ, ಕೋನ ಅಳೆಯುವ ಕ್ಲೈನೋಮೀಟರಿನಲ್ಲಿ ಮರದ ತುದಿ 45 ಡಿಗ್ರಿಗೆ ಕಂಡಲ್ಲಿ ನಿಲ್ಲಿ. ಮರಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ ಸಿಕ್ಕಿತು. ನಾಲ್ಕರ ಸರಾಸರಿ 30 ಮೀಟರ್ ಬಂದರೆ ಆ ನೆಲದ ಸೈಟ್ ಇಂಡೆಕ್ಸ್, ಅಂದರೆ ಕಸುವಿನ ಅಂಕ, 30. ರೇಡಿಯಾಟಾಕ್ಕೆ ಅಲ್ಲಿ 20ನೇ ವರ್ಷದ ಎತ್ತರವೇ ಅಳತೆಗೋಲು. ತೋಪಿನ ವಯಸ್ಸು ಬೇರೆಯಾದರೆ ಆ ಪ್ರದೇಶಕ್ಕೆಂದೇ ಮಾಡಿದ ಎತ್ತರ-ವಯಸ್ಸಿನ ಗೆರೆಪಟ ನೋಡಬೇಕು.

ಎಷ್ಟು ಮರಮುಟ್ಟು ಬೆಳೆದಿದೆ ಎಂಬ ಲೆಕ್ಕ ಒರಟಾಗಿ ಹೀಗೆ. ಸುತ್ತಿನಲ್ಲಿ 15 ಮರ, ಎಲ್ಲದರ ಸುತ್ತಳತೆ 126 ಸೆಂ.ಮೀ. ಆಸುಪಾಸು ಅನ್ನಿ. 3.14ರಿಂದ ಭಾಗಿಸಿದರೆ ಅಡ್ಡಳತೆ 40 ಸೆಂ.ಮೀ. ಒಂದು ಕಾಂಡದ ಕೊಯ್ದ ಮುಖ 0.126 ಚದರ ಮೀಟರ್. 15ರಿಂದ, ಆಮೇಲೆ 25ರಿಂದ (ಇಂಥ 25 ಸುತ್ತು ಸೇರಿದರೆ ಒಂದು ಹೆಕ್ಟೇರ್) ಗುಣಿಸಿದರೆ ಹೆಕ್ಟೇರಿಗೆ ಸುಮಾರು 47 ಚದರ ಮೀಟರ್. ಎಲ್ಲ ಮರಗಳ ಸರಾಸರಿ ಎತ್ತರ 28 ಮೀಟರಿದ್ದರೆ ಅದರಿಂದ ಗುಣಿಸಿ, ಕಾಂಡ ಮೇಲೆ ಸಪೂರವಾಗುವುದರಿಂದ ಮೂರರಿಂದ ಭಾಗಿಸಿ: ಸುಮಾರು 440 ಘನ ಮೀಟರ್. 20 ವರ್ಷಕ್ಕೆ ಹಂಚಿದರೆ ಹೆಕ್ಟೇರಿಗೆ ವರ್ಷಕ್ಕೆ 22 ಘನ ಮೀಟರ್. ನಡುವೆ ಕಡಿದು ತೆಗೆದ ಮರಗಳಿದ್ದರೆ ಅವನ್ನೂ ಸೇರಿಸಬೇಕು.

ಇದು ಇಲ್ಲಿಯವರೆಗಿನ ಸರಾಸರಿ ಅಷ್ಟೇ. ಈಗ ಹೇಗೆ ಬೆಳೆಯುತ್ತಿದೆ ಎಂದು ತಿಳಿಯಲು ಒಂದೆರಡು ವರ್ಷ ಬಿಟ್ಟು ಅದೇ ಮರಗಳನ್ನು ಮತ್ತೆ ಅಳೆಯಬೇಕು. ಹಾಗಾಗಿ ಟೇಪು ಕೂತ ಜಾಗಕ್ಕೆ ಇವತ್ತೇ ಬಣ್ಣದ ಗೆರೆ ಎಳೆದು, ಮರಕ್ಕೆ ನಂಬರ್ ಹಾಕಿ ಬನ್ನಿ. ಚಳಿಗಾಲದಲ್ಲಿ ಅಳೆದಿದ್ದರೆ ಮುಂದಿನ ಸಲವೂ ಚಳಿಗಾಲದಲ್ಲೇ ಹೋಗಿ.