ಕೋರೆಹಲ್ಲಿನ ಬೇರು ಪೂರ್ತಿ ಕಾಣಲು ಫಿಲ್ಮ್ ಬದಲಿಸಿದೆ

ದೊಡ್ಡ ನಾಯಿಗಳ ಮೇಲಿನ ಕೋರೆಹಲ್ಲಿನ ಎಕ್ಸ್‌ರೇ ತೆಗೆದಾಗಲೆಲ್ಲ ಬೇರಿನ ತುದಿ ಫಿಲ್ಮ್‌ನಿಂದ ಆಚೆ ಉಳಿಯುತ್ತಿತ್ತು. ಕೀವು ಇದೆಯೋ ಇಲ್ಲವೋ ನೋಡಬೇಕಾದ ಜಾಗವೇ ಅದು, ಅಲ್ವಾ? ಕಿರಣ ಬಿಡುವ ಎಕ್ಸ್‌ರೇ ಟ್ಯೂಬಿನ ಕೋನ ಬದಲಿಸಿದರೂ ಸರಿಹೋಗಲಿಲ್ಲ.

ತೊಡಕು ಇದ್ದದ್ದು ಫಿಲ್ಮ್ ಅಳತೆಯಲ್ಲಿ. ಬಳಸುತ್ತಿದ್ದದ್ದು 2ನೇ ಸೈಜ್, ಅಂದರೆ 31×41 ಮಿ.ಮೀ. ನಾಯಿಯ ಕೋರೆಹಲ್ಲಿನ ಬೇರು ಹೊರಗೆ ಕಾಣುವ ಭಾಗಕ್ಕಿಂತ ಉದ್ದ. ಹಿಂದಕ್ಕೆ ಬಾಗಿ ಪಕ್ಕದ ಹಲ್ಲಿನ ಬೇರುಗಳ ಮೇಲೆ ಕೂತಿರುತ್ತದೆ. 57×76 ಮಿ.ಮೀ. ಅಳತೆಯ 4ನೇ ಸೈಜ್ ಇಟ್ಟೆ. ಇಡೀ ಹಲ್ಲು, ಬೇರಿನ ತುದಿಯ ಸುತ್ತಲಿನ ಮೂಳೆ ಸಮೇತ ಬಂತು. ಎಷ್ಟು ಖುಷಿಯಾಯಿತು! ಬೆಕ್ಕು, ಚಿಕ್ಕ ನಾಯಿಗಳಿಗೆ 2ನೇ ಸೈಜೇ ಸಾಕು. ತೀರಾ ಇಕ್ಕಟ್ಟಾದ ಕಡೆ 0 ಸೈಜ್.

ಜೊತೆಗೆ ಡಿ ಸ್ಪೀಡ್ ಫಿಲ್ಮ್ ಬಿಟ್ಟು ಎಫ್ ಸ್ಪೀಡ್ ತೆಗೆದುಕೊಂಡೆ. ಸ್ಪೀಡ್ ಅಂದರೆ ಫಿಲ್ಮ್ ಎಷ್ಟು ಕಡಿಮೆ ಕಿರಣಕ್ಕೆ ಚಿತ್ರ ಕೊಡುತ್ತದೆ ಅನ್ನೋದು. ಡಿ ಫಿಲ್ಮ್‌ನ ಕಣ ನುಣುಪು, ನಿಜ. ಆದರೆ ಎಫ್‌ಗೆ ಅದರ ಅರ್ಧದಷ್ಟು ಎಕ್ಸ್‌ಪೋಷರ್ ಸಾಕು. ದಿನವಿಡೀ ಯಂತ್ರದ ಹತ್ತಿರ ನಿಲ್ಲುವವರಿಗೆ ಅದು ಸಣ್ಣ ಲಾಭವಲ್ಲ.

ಎಫ್ ಬಂದ ಮೇಲೆ ಚಿತ್ರಗಳೆಲ್ಲ ಮಬ್ಬು, ಬೂದು ಬಣ್ಣ. ಫಿಲ್ಮ್ ತೊಳೆಯುವ ರಾಸಾಯನಿಕ ಹೊಸದೇ ಇತ್ತು. ತಪ್ಪು ಇದ್ದದ್ದು ದೀಪದಲ್ಲಿ. ಡಾರ್ಕ್‌ರೂಮಿನ ಹಳದಿ ದೀಪ ಡಿ ಫಿಲ್ಮ್‌ಗೆ ನಡೆಯುತ್ತದೆ, ಎಫ್‌ಗೆ ನಡೆಯುವುದಿಲ್ಲ. ಕೆಂಪು ಫಿಲ್ಟರ್ ಹಾಕಿದ ಮೇಲೆ ಮಬ್ಬು ಹೋಯಿತು.

ಇನ್ನೊಂದು: ಫಿಲ್ಮ್ ಮೂಲೆಯ ಚುಕ್ಕೆಯ ಉಬ್ಬು ಟ್ಯೂಬಿನ ಕಡೆಗಿರಲಿ. ತಿರುಗಿಸಿಟ್ಟರೆ ಒಳಗಿನ ಸೀಸದ ಹಾಳೆಯ ಗುರುತು ಹಲ್ಲಿನ ಮೇಲೆಯೇ ಬೀಳುತ್ತದೆ.