ಮಗನನ್ನು ಯಾರ ಹತ್ತಿರ ಬಿಟ್ಟು ಸಭೆಗೆ ಬರಲಿ?

ಆಳಂದ ಕಡೆಯ ಒಬ್ಬ ತಾಯಿ ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಇದು. "ಅಕ್ಕಾ, ನಾ ಸಭಾಕ್ಕ ಬಂದ್ರ ಇವನ್ನ ಯಾರ ಹಿಡೀತಾರ? ಒಂದ್ ಕಡಿ ಕುಂದರಂಗಿಲ್ಲ ಅವ" ಎಂದರು. ನಮ್ಮ ಪಾಲಕರ ಸಂಘದ ಕೆಲಸ ನಿಜವಾಗಿ ಶುರುವಾದದ್ದು ಆ ಫೋನಿನಿಂದ.

ನನ್ನ ಮಗನಿಗೆ ಈಗ 14 ವರ್ಷ. ಬೌದ್ಧಿಕ ಅಸಾಮರ್ಥ್ಯ ಇದೆ, ಮಾತು ಕಡಿಮೆ. ಕಲಬುರಗಿಯ ಒಂದು ವಿಶೇಷ ಶಾಲೆಗೆ ಹೋಗುತ್ತಾನೆ. ಮೂರು ವರ್ಷದ ಹಿಂದೆ ಅಲ್ಲಿನ ಪಾಲಕರ ಸಂಘ ನೋಡಿಕೊಳ್ಳಲು ಒಪ್ಪಿಕೊಂಡೆ. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು. ಸಂಸ್ಥೆಯವರು ನಡೆಸುವ ನಮ್ಮ ಶಾಲೆಯಲ್ಲಿ ಅಂಥ ಸಮಿತಿ ಇಲ್ಲ. ನಾವು ಎಷ್ಟು ಜನ ಬಂದು ಕೂರುತ್ತೇವೋ ಅಷ್ಟೇ ಸಂಘದ ಬಲ.

ಮೊದಲ ಸಭೆಗೆ ಬಂದವರು 5 ಜನ. ಶಾಲೆಯಲ್ಲಿ ಮಕ್ಕಳು 43. "ಪಾಲಕರಿಗೆ ಆಸಕ್ತಿ ಇಲ್ಲ ಬಿಡ್ರಿ" ಎಂದು ಒಬ್ಬರು ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೂ ಎರಡು ವಾರ ಕೂತು ಎಲ್ಲರಿಗೂ ಫೋನ್ ಮಾಡಿದೆ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಬರಬೇಕು ಅಂದರೆ ಏನು ಬೇಕು ಅಂತ ಕೇಳಿದೆ. ಹೆಚ್ಚಿನವರ ಉತ್ತರ ಆಳಂದದ ಆ ತಾಯಿಯದೇ. ಮಗುವನ್ನು ಅಕ್ಕಪಕ್ಕದವರ ಹತ್ತಿರ ಬಿಡುವ ಹಾಗಿಲ್ಲ. ಕರೆದುಕೊಂಡು ಬಂದರೆ ಸಭೆಯಲ್ಲಿ ಒಂದು ಮಾತೂ ಕೇಳುವ ಹಾಗಿಲ್ಲ.

ಹಾಗಾಗಿ ಮೊದಲು ಮಾಡಿದ್ದು ಮಕ್ಕಳ ಕೋಣೆ. ಸಭೆ ನಡೆಯುವಷ್ಟು ಹೊತ್ತು ಪಕ್ಕದ ಕೋಣೆಯಲ್ಲಿ ನಾಲ್ಕು ಜನ ಪಾಲಕರು ಸರದಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮೊದಲ ಸಲ ಜೋಳ, ತೊಗರಿ ಬೆರೆಸಿ ಬೇರೆ ಮಾಡಲು ಕೊಟ್ಟೆವು. ಒಬ್ಬ ಹುಡುಗ ಬಾಯಿಗೆ ಹಾಕಿಕೊಂಡ. ಪುಣ್ಯಕ್ಕೆ ಏನೂ ಆಗಲಿಲ್ಲ. ಅಂದಿನಿಂದ ಸ್ಟೀಲ್ ಡಬ್ಬಿ ಮತ್ತು ಮುಚ್ಚಳ, ದೊಡ್ಡ ಚೆಂಡು, ಹಳೇ ಸೀರೆ. ಸೀರೆಯನ್ನು ಜೋಕಾಲಿ ಹಾಗೆ ಇಬ್ಬರು ಹಿಡಿದು ತೂಗಿದರೆ ಅಳುವ ಮಗುವೂ ಸುಮ್ಮನಾಗುತ್ತದೆ. ಮೈಕ್ ಬಿಟ್ಟುಬಿಟ್ಟೆವು. ಅದರ ಸದ್ದಿಗೆ ಮೂರು ಮಕ್ಕಳು ಕಿವಿ ಮುಚ್ಚಿಕೊಂಡು ಚೀರುತ್ತಿದ್ದರು. ಈ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರು ಮಕ್ಕಳ ಅಣ್ಣ, ಅಕ್ಕಂದಿರು. ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಫಿಟ್ಸ್ ಬರುವ ಮಕ್ಕಳ ಹೆಸರನ್ನು ಕೋಣೆಯ ಜವಾಬ್ದಾರಿ ಇದ್ದವರಿಗೆ ಮೊದಲೇ ಹೇಳುತ್ತೇವೆ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ಗಡಿಯಾರ ನೋಡಬೇಕು, ಬಾಯಲ್ಲಿ ಏನೂ ಇಡಬಾರದು. ಕೈಗೆ ಚಾವಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. 5 ನಿಮಿಷ ದಾಟಿದರೆ ದವಾಖಾನೆ. ಇದನ್ನು ಪ್ರತಿ ಸಭೆಯಲ್ಲೂ ಮತ್ತೆ ಹೇಳುತ್ತೇವೆ. ಹೊಸಬರು ಇದ್ದೇ ಇರುತ್ತಾರೆ.

ಮೂರನೇ ಸಭೆಗೆ 22 ಜನ ಬಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ತಾಯಂದಿರಿಗೆ ಬಸ್ಸಿನ ಖರ್ಚಿನ ಚಿಂತೆ ತಪ್ಪಿದ್ದೂ ದೊಡ್ಡ ಸಹಾಯ. ಸಭೆ 11 ಗಂಟೆಗೆ. ಆಳಂದ, ಚಿತ್ತಾಪುರದವರು ಬಂದು ಸಂಜೆಯೊಳಗೆ ಮನೆ ಮುಟ್ಟಬೇಕು ಅಲ್ವಾ? ತೊಗರಿ ರಾಶಿ ನಡೆಯುವ ದಿನಗಳಲ್ಲಿ ಸಭೆ ಇಡುವುದಿಲ್ಲ. ಆಗ ಕರೆದರೆ ಬರುವವರು ಊರಿನವರು ಮಾತ್ರ.

ವಾಟ್ಸಾಪ್ ಗುಂಪಿನಲ್ಲಿ ಮೊದಲು ಉದ್ದುದ್ದ ಮೆಸೇಜ್ ಬರೆಯುತ್ತಿದ್ದೆ. ಅರ್ಧ ಜನ ಓದುತ್ತಿರಲಿಲ್ಲ, ಕೆಲವರಿಗೆ ಓದಲು ಬರುತ್ತಲೂ ಇರಲಿಲ್ಲ. ಈಗ ಎಲ್ಲವೂ ಆಡಿಯೊ. ಕನ್ನಡದಲ್ಲಿ ನಾನು ಹೇಳುತ್ತೇನೆ, ಉರ್ದುವಿನಲ್ಲಿ ದರ್ಗಾ ಕಡೆಯ ಒಬ್ಬ ಆಪಾ ಹೇಳುತ್ತಾರೆ. ಒಂದು ನಿಮಿಷ ದಾಟುವುದಿಲ್ಲ.

ಅದೇ ಗುಂಪಿನಲ್ಲಿ ನನ್ನಿಂದ ಒಂದು ತಪ್ಪಾಯಿತು. ಯುಡಿಐಡಿ ಕಾರ್ಡ್, ಅಂದರೆ ವೈಕಲ್ಯ ಇದ್ದವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಹೇಗಿರುತ್ತದೆ ಎಂದು ತೋರಿಸಲು ಒಬ್ಬ ಹುಡುಗನ ಕಾರ್ಡಿನ ಫೋಟೊ ಹಾಕಿದೆ. ಅದರಲ್ಲಿ ಅವನ ಹೆಸರು, ಮುಖ, ವೈಕಲ್ಯದ ಶೇಕಡಾವಾರು ಎಲ್ಲವೂ ಇತ್ತು. ಅವನ ತಾಯಿ ಅಂದೇ ಗುಂಪು ಬಿಟ್ಟರು. ಅಕ್ಕನ ಮದುವೆ ಮಾತುಕತೆ ನಡೆದಿತ್ತಂತೆ, ಬೀಗರ ಕಡೆಯ ಒಬ್ಬರು ಗುಂಪಿನಲ್ಲಿದ್ದರಂತೆ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಸಂಘಕ್ಕೆ ಮರಳಿ ಬರಲು ಎಂಟು ತಿಂಗಳು ಬೇಕಾಯಿತು. ಈಗ ಯಾವ ಮಗುವಿನ ಕಾಗದವನ್ನೂ, ಫೋಟೊವನ್ನೂ ಗುಂಪಿನಲ್ಲಿ ಹಾಕುವುದಿಲ್ಲ. ವಾರ್ಷಿಕೋತ್ಸವದ ಫೋಟೊ ಆದರೂ ಮನೆಯವರನ್ನು ಕೇಳಿಯೇ.

ಕಾಗದದ ಕೆಲಸ ಬಹಳ ಇದೆ. ಒಬ್ಬ ತಂದೆ ಮಗಳಿಗೆ ಕಾರ್ಡೇ ಮಾಡಿಸಿರಲಿಲ್ಲ. "ಕೈಕಾಲು ನೆಟ್ಟಗವ, ಆಕಿಗ್ಯಾಕ ಕೊಡ್ತಾರ್ರಿ?" ಎಂದು ಕೇಳಿದರು. ಮಗಳಿಗೆ ಆಟಿಸಂ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಕೂಡ ಅದರಲ್ಲಿದೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಈಗ ಇಂಥ ಕಾಗದ ಮಾಡಿಸಲು ಪ್ರತಿ ಏಪ್ರಿಲ್‌ನಲ್ಲಿ ನಾಲ್ಕೈದು ಕುಟುಂಬ ಸೇರಿ ಹೋಗುತ್ತೇವೆ. ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ 1.30ರವರೆಗೆ. ತಂಪಿದ್ದಾಗಲೇ ಕೆಲಸ ಮುಗಿಸಬಹುದು. ಹೋಗುವ ಮೊದಲು ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ನೋಡುತ್ತೇವೆ. ಅರ್ಧ ಓಡಾಟ ಉಳಿಯುವುದು ಇಲ್ಲೇ. ಆಧಾರ್‌ಗೆ 5 ವರ್ಷಕ್ಕೆ ಬೆರಳು, ಕಣ್ಣಿನ ಗುರುತು ಕೊಡಬೇಕು, 15ಕ್ಕೆ ಮತ್ತೆ ಕೊಡಬೇಕು. ನಮ್ಮ ಮಕ್ಕಳಿಗೆ ಅದು ಕಷ್ಟ. ಮಗುವಿಗೆ ಇಷ್ಟವಾದ ಹಾಡನ್ನು ಮೊಬೈಲಿನಲ್ಲಿ ಹಾಕಿ ಕ್ಯಾಮೆರಾದ ಹಿಂದೆ ಹಿಡಿಯಿರಿ. ಆ ಕಡೆ ನೋಡುತ್ತಾರೆ. ಇದನ್ನು ನಮಗೆ ಕಲಿಸಿದ್ದು ಒಬ್ಬ ಅಜ್ಜಿ.

ಟೀಚರ್‌ಗಳ ಜೊತೆಗಿನ ಸಂಬಂಧ ಬದಲಾದದ್ದು ಐಇಪಿಯಿಂದ. ಐಇಪಿ ಅಂದರೆ ಒಂದೊಂದು ಮಗುವಿಗೂ ಬೇರೆಯಾಗಿ ಮಾಡುವ ಕಲಿಕೆಯ ಯೋಜನೆ. ಅದರಲ್ಲಿ ಪಾಲಕರ ಸಹಿ ಇರುತ್ತದೆ. ನಾನೂ ವರ್ಷಗಟ್ಟಲೆ ಓದದೇ ಸಹಿ ಹಾಕಿದ್ದೆ. ಒಂದು ದಿನ ಕೂತು ಓದಿದೆ. ನನ್ನ ಮಗನಿಗೆ 1ರಿಂದ 20 ಬರೆಯುವ ಗುರಿ ಇತ್ತು, ಮೂರು ವರ್ಷದಿಂದ ಅದೇ. ಆದರೆ ಅವನು ಶೌಚಕ್ಕೆ ಹೋದಾಗ ಪ್ಯಾಂಟ್ ಏರಿಸಿಕೊಳ್ಳಲು ನಾನು ಬೇಕು. "ಟೀಚರ್, ಮೊದಲು ಇದನ್ನು ಕಲಿಸೋಣವಾ?" ಎಂದು ಕೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಯಾವ ಪಾಲಕರೂ ಹೀಗೆ ಕೇಳುವುದಿಲ್ಲ ಎಂದರು.

ಅವರು ಕಲಿಸಿದ್ದು ಕೊನೆಯ ಹಂತದಿಂದ ಮೊದಲ ಹಂತದ ಕಡೆಗೆ. ಪ್ಯಾಂಟನ್ನು ನಾನು ಸೊಂಟದ ಹತ್ತಿರದವರೆಗೆ ಏರಿಸಬೇಕು, ಕೊನೆಯ ನಾಲ್ಕು ಬೆರಳಷ್ಟು ಅವನು ಎಳೆದುಕೊಳ್ಳಬೇಕು. ಅದು ಬಂದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಪ್ರತಿ ಸಲವೂ ಮುಗಿಸಿದ್ದು ಅವನೇ ಆಗಿರುತ್ತಾನೆ, ಅದಕ್ಕೇ ಅವನಿಗೆ ಹುರುಪು. ಮನೆಯಲ್ಲಿ ನಾನು, ಶಾಲೆಯಲ್ಲಿ ಆಯಾ, ಇಬ್ಬರೂ ಒಂದೇ ರೀತಿ ಮಾಡಿದೆವು. ಎಲಾಸ್ಟಿಕ್ ಪ್ಯಾಂಟೇ ಹಾಕಿದೆ. ನಾಲ್ಕು ತಿಂಗಳು ಹಿಡಿಯಿತು. ಹನ್ನೆರಡು ವರ್ಷದ ಹುಡುಗ ಬಾಗಿಲು ಹಾಕಿಕೊಂಡು ಒಬ್ಬನೇ ಹೋಗಿ ಬಂದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಇದನ್ನು ಸಭೆಯಲ್ಲಿ ಹೇಳಿದಾಗ ತಾಯಂದಿರು ಒಬ್ಬೊಬ್ಬರೇ ಮಾತು ತೆಗೆದರು. ರೊಟ್ಟಿ ತಾನೇ ಮುರಿದು ತಿನ್ನಬೇಕು. ಮುಟ್ಟಾದಾಗ ಪ್ಯಾಡ್ ಬದಲಿಸಿಕೊಳ್ಳಬೇಕು. ರಸ್ತೆಯಲ್ಲಿ ಕೈ ಬಿಡಿಸಿಕೊಂಡು ಓಡಬಾರದು. ಈಗ ಮೂರು ತಿಂಗಳಿಗೊಮ್ಮೆ ಒಂದು ಗುರಿ ಮನೆಯವರು ಹೇಳಿದ್ದೇ ಇರುತ್ತದೆ. ಟೀಚರ್ ಅದನ್ನು ಹಂತ ಮಾಡಿ ಬರೆದುಕೊಡುತ್ತಾರೆ, ಓದಲು ಬಾರದವರಿಗೆ ಮಾಡಿ ತೋರಿಸುತ್ತಾರೆ. ದೂರು ಇಲ್ಲ ಎಂದಲ್ಲ. ಥೆರಪಿಯವರು ತಿಂಗಳುಗಟ್ಟಲೆ ಬಾರದ ಕಾಲವೂ ಇತ್ತು. ಆಗ 19 ಜನ ಸಹಿ ಮಾಡಿ ಅರ್ಜಿ ಕೊಟ್ಟೆವು. ಒಬ್ಬೊಬ್ಬರೇ ಹೋಗಿ ಜಗಳವಾಡಿದ್ದಕ್ಕಿಂತ ಅದು ಬೇಗ ಕೆಲಸ ಮಾಡಿತು.

ತಂದೆಯರು ಇನ್ನೂ ಕಡಿಮೆಯೇ. ಸಭೆಗೆ ಬನ್ನಿ ಎಂದರೆ ಬರುವುದಿಲ್ಲ. ಶಾಲೆಗೆ ರ‍್ಯಾಂಪ್ ಹಾಕಬೇಕು, ಶೌಚಾಲಯಕ್ಕೆ ಹಿಡಿಕೆ ಕೂಡಿಸಬೇಕು ಎಂದರೆ ಬರುತ್ತಾರೆ. ಬಂದವರು ಕೆಲಸ ಮಾಡುತ್ತಾ ಮಾತಾಡುತ್ತಾರೆ. ಅದೂ ಒಂದು ಸಭೆ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಈಗ ದೊಡ್ಡ ಮಕ್ಕಳ ವಿಷಯ ಕೈಗೆತ್ತಿಕೊಂಡಿದ್ದೇವೆ. ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪ್ರಕಾರ ಪಾಲಕರಾಗಿ ಉಳಿಯುವುದಿಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನಮ್ಮಲ್ಲಿ 16 ದಾಟಿದವರು ಏಳು ಮಕ್ಕಳಿದ್ದಾರೆ. ಒಂದು ಕುಟುಂಬ ಈಗಾಗಲೇ ಆ ಕಾಗದ ಮಾಡಿಸಿದೆ. ಬರುವ ಶನಿವಾರ ಅವರು ತಮ್ಮ ಫೈಲ್ ತಂದು ಎಲ್ಲರಿಗೂ ವಿವರಿಸುತ್ತಾರೆ. ಆ ದಿನ ಮಕ್ಕಳ ಕೋಣೆಯಲ್ಲಿ ನನ್ನ ಸರದಿ. ಅವರ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಲು ಆಪಾಗೆ ಹೇಳಿದ್ದೇನೆ.